ಮೊದಲ ಹಿಡೀರಿ, ಆಮ್ಯಾಲ ಬಿಚ್ಚರಿ

ನಾನು ಒಳ್ಳೆಯ ರೋಗಿಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ರೋಗಿಗಳು ಬರೆದದ್ದನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ನಾನು ಬೇಕಾದಷ್ಟು ಓದಿದ್ದೇನೆ. ಅವರು ನಗುನಗುತ್ತಾ ಎಲ್ಲವನ್ನೂ ಎದುರಿಸುತ್ತಾರೆ, ಕಾಯಿಲೆ ತಮಗೆ ಬದುಕಿನ ಬೆಲೆ ಕಲಿಸಿತು ಎಂದು ಕೈಮುಗಿಯುತ್ತಾರೆ. ನನಗೆ ಬದುಕಿನ ಬೆಲೆ ಮೊದಲೇ ಗೊತ್ತಿತ್ತು, ಅದನ್ನು ಕಲಿಸಲು ಕಾಯಿಲೆಯೇ ಬರಬೇಕಾಗಿರಲಿಲ್ಲ. ಅದು ಬಂದಾಗ ನನಗೆ ಬಂದದ್ದು ಸಿಟ್ಟು. ಸಿಟ್ಟು ಇಳಿಸಿಕೋ ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನು ಇಳಿಸಿಕೊಳ್ಳಲಿಲ್ಲ.

ವಿಜಯವಾಡದ ಆಸ್ಪತ್ರೆಯಲ್ಲಿ ನನ್ನನ್ನು ಬೆನ್ನ ಹಿಂದೆ ಗಯ್ಯಾಳಿ ಅಂದವರಿದ್ದಾರೆ. ತೆಲುಗಿನಲ್ಲೂ ಆ ಮಾತು ಗಯ್ಯಾಳಿಯೇ, ಹಾಗಾಗಿ ಅರ್ಥವಾಗಲಿಲ್ಲ ಎಂದು ನಟಿಸುವ ಅನುಕೂಲವೂ ಇರಲಿಲ್ಲ. ನಾನು ಆ ಬಿರುದು ಗಳಿಸಿದ್ದು ಒಂದೇ ಒಂದು ಮಾತಿನಿಂದ. ಯಾರೇ ನನ್ನ ತೋಳಿನ ಡ್ರೆಸ್ಸಿಂಗ್ ಬಿಚ್ಚಲು ಬಂದರೂ ನಾನು ಹೇಳುತ್ತಿದ್ದದ್ದು ಇಷ್ಟೇ: "ಮೊದಲ ಹಿಡೀರಿ, ಆಮ್ಯಾಲ ಬಿಚ್ಚರಿ." ತೆಲುಗು ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಮರ್ಯಾದೆಯ ಮಾತಿಗೆ ತೆಲುಗು, ಜಗಳಕ್ಕೆ ಗದಗಿನ ಕನ್ನಡ ಎಂದು ನನ್ನ ನಾಲಿಗೆ ತಾನೇ ಹಂಚಿಕೊಂಡುಬಿಟ್ಟಿದೆ.

ನಮ್ಮೂರು ಗದಗ. ವಿಶಾಖಪಟ್ಟಣದ ಹೊರಗಿನ ಒಂದು ಔಷಧ ಕಾರ್ಖಾನೆಯಲ್ಲಿ ಇಂಜೆಕ್ಷನ್ ಬಾಟಲಿ ತುಂಬುವ ವಿಭಾಗದಲ್ಲಿ ನನಗೆ ಕೆಲಸ. ಗಂಡ ಪ್ರಸಾದ್ ತೆಲುಗಿನವರು. ಅವರ ಕೆಲಸ ಕೊಂಡಪಲ್ಲಿಯ ಪಕ್ಕದ ವಿದ್ಯುತ್ ಕೇಂದ್ರದಲ್ಲಿ, ಮನೆ ವಿಜಯವಾಡದಲ್ಲಿ, ಮನೆಯಲ್ಲಿ ಅವರ ತಾಯಿ ರಾಜ್ಯಲಕ್ಷ್ಮಮ್ಮ. ಮಕ್ಕಳಿಲ್ಲ. ಶನಿವಾರದ ರೈಲನ್ನು ಯಾರು ಹತ್ತಬೇಕು ಎಂಬುದೊಂದೇ ನಮ್ಮ ಸಂಸಾರದ ಖಾಯಂ ಜಗಳ. ಅತ್ತೆಯನ್ನು ನಾನು ಅಲ್ಲಿಯವರ ಹಾಗೆ ಅತ್ತಮ್ಮ ಅನ್ನುತ್ತೇನೆ. ಅವರು ಬಾಗಿಲಿಗೆ ಬಂದ ಬೆಕ್ಕಿಗೂ ಬಹುವಚನ ಹಚ್ಚಿ ಮಾತಾಡುವವರು. ನಾನು ತರಕಾರಿಯವನ ಜೊತೆ ದನಿ ಎತ್ತಿದರೆ ಹಿಂದಿನಿಂದ ಬಂದು, "ತಪ್ಪು ತಿಳ್ಕೋಬೇಡಿ, ನಮ್ಮ ಸೊಸೆ ಕನ್ನಡದವಳು" ಎಂದು ಅವನಿಗೆ ತೆಲುಗಿನಲ್ಲಿ ಸಮಾಧಾನ ಹೇಳುವರು. ಕನ್ನಡದವಳು ಅನ್ನುವುದೇ ಒಂದು ಕಾಯಿಲೆ ಎಂಬ ಹಾಗೆ.

ಗಂಟು ಸಿಕ್ಕಿದ್ದು ಕಾರ್ಖಾನೆಯಲ್ಲಿ. ಒಳಗೆ ಹೋಗುವ ಮುಂಚೆ ಬಿಳಿ ಉಡುಪಿನ ಕುತ್ತಿಗೆಯ ಪಟ್ಟಿ ಬಿಗಿಯುವಾಗ ಕೊರಳೆಲುಬಿನ ಮೇಲೆ ಏನೋ ಅಡ್ಡ ಬಂತು. ಒತ್ತಿದರೆ ನೋವಿಲ್ಲ. ನೋವಿಲ್ಲ ಎಂದು ಸಮಾಧಾನಪಟ್ಟುಕೊಂಡೆ, ನೋವಿಲ್ಲದ ಗಂಟೇ ಕೆಟ್ಟದ್ದು ಎಂದು ಆಗ ನನಗೆ ಯಾರು ಹೇಳಬೇಕು. ಮುಂದಿನದು ಎಲ್ಲರಿಗೂ ಆಗುವಂಥದ್ದೇ. ಸೂಜಿ, ಸ್ಕ್ಯಾನು, ಕಾಯುವುದು. ಆ ಆಸ್ಪತ್ರೆಯ ಕಾಯುವ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಬಂದರಿನೊಳಗೆ ಜಾಗ ಸಿಗದೆ ಹಡಗುಗಳು ದೂರದಲ್ಲಿ ನಿಂತಿದ್ದವು. ಅವಕ್ಕೂ ಟೋಕನ್ ಕೊಟ್ಟಿರಬೇಕು ಎಂದು ಪ್ರಸಾದ್‌ಗೆ ಹೇಳಿದೆ. ಅವರು ನಗಲಿಲ್ಲ, ಎದ್ದು ಹೋದರು. ಆಮೇಲೆ ಹುಡುಕಿಕೊಂಡು ಹೋದರೆ ಕಾರ್ ನಿಲ್ಲಿಸುವ ಜಾಗದಲ್ಲಿ ಕಂಬಕ್ಕೆ ಒರಗಿ ಅಳುತ್ತಿದ್ದರು. ನನಗಿಂತ ಮೊದಲೇ ಡಾಕ್ಟರು ಅವರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಲಿಂಫೋಮಾ ಅಂದರು. ವಾಸಿಯಾಗುವ ಜಾತಿಯದು, ಆದರೆ ಔಷಧಿ ಒಂದು ಸುತ್ತೂ ತಪ್ಪಬಾರದು ಅಂದರು. ಔಷಧಿಯಲ್ಲಿ ಒಂದು ಕೆಂಪು ಬಣ್ಣದ್ದಿತ್ತು, ಅದು ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಅದಕ್ಕೆ ಕೈಯ ಸಣ್ಣ ನರ ಸಾಲದೆಂದು ಬಲತೋಳಿನ ಮೇಲ್ಭಾಗದಲ್ಲಿ ಒಂದು ತೂತು ಮಾಡಿ, ಶ್ಯಾವಿಗೆಯಷ್ಟು ಸಣ್ಣ ಕೊಳವೆಯೊಂದನ್ನು ಒಳಗಿನಿಂದ ಎದೆಯವರೆಗೆ ತೂರಿಸಿದರು. ಅದಕ್ಕೆ ಅಲ್ಲಿ ಎಲ್ಲರೂ ಲೈನು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅದರ ಬಾಲ ತೋಳಿನ ಹೊರಗೆ ನೇತಾಡುತ್ತದೆ. ಬಾಲವನ್ನು ಒಂದು ಪ್ಲಾಸ್ಟಿಕ್ ಕ್ಲಿಪ್ಪು ಚರ್ಮಕ್ಕೆ ಅಂಟಿಸಿ ಹಿಡಿದಿರುತ್ತದೆ, ಮೇಲೊಂದು ಪಾರದರ್ಶಕ ಅಂಟುಹಾಳೆ. ವಾರವಾರವೂ ಹಾಳೆ, ಕ್ಲಿಪ್ಪು ಎರಡನ್ನೂ ಕಿತ್ತು ಹೊಸದು ಹಾಕಬೇಕು. ನನ್ನ ಕಥೆಯೆಲ್ಲ ಇರುವುದು ಇಲ್ಲೇ. ಹಳೇ ಕ್ಲಿಪ್ಪು ಬಿಚ್ಚಿ ಹೊಸ ಕ್ಲಿಪ್ಪು ಕೂರುವವರೆಗೆ ಆ ಲೈನನ್ನು ಹಿಡಿದುಕೊಂಡಿರುವುದು ಏನೂ ಇಲ್ಲ, ಯಾರಾದರೂ ಬೆರಳಿಟ್ಟು ಹಿಡಿದರೆ ಮಾತ್ರ ಉಂಟು.

ವಿಶಾಖಪಟ್ಟಣದಲ್ಲಿ ಒಂದು ದಿನ ಯಾರೂ ಹಿಡಿಯಲಿಲ್ಲ. ನರ್ಸಮ್ಮ ಕೆಟ್ಟವಳಲ್ಲ, ಹೊರಗೆ ಜನ ತುಂಬಿದ್ದರು, ಯಾರೋ ಅವಳನ್ನು ಕೂಗಿದರು, ಅವಳು ಅತ್ತ ತಿರುಗಿಯೇ ಹಾಳೆಯನ್ನು ಪರ್ರೆಂದು ಎಳೆದಳು. ಕ್ಲಿಪ್ಪು ಹಾಳೆಗೆ ಅಂಟಿಕೊಂಡಿತ್ತು, ಲೈನು ಕ್ಲಿಪ್ಪಿನಲ್ಲಿತ್ತು. ಮೂರೂ ಒಟ್ಟಿಗೆ ಬಂದವು. ನೋವೇ ಆಗಲಿಲ್ಲ, ಒಳಗಿನಿಂದ ಏನೋ ತಣ್ಣಗೆ ಜಾರಿದ ಹಾಗಾಯಿತು. ನೋಡಿದರೆ ಅರ್ಧ ಗೇಣು ಲೈನು ಹೊರಗೆ. "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಿದ್ದಳು ಪಾಪ. ಹೊರಗೆ ಬಂದದ್ದನ್ನು ಮತ್ತೆ ಒಳಗೆ ತಳ್ಳುವಂತಿಲ್ಲ. ಅದನ್ನು ತೆಗೆದೇ ಹಾಕಿದರು. ಅದೇ ಹೊತ್ತಿಗೆ ಬಲಗೈ ಬಾತುಕೊಂಡು, ನೋಡಿದರೆ ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಸುತ್ತಿನ ಔಷಧಿ ಮುಂದಕ್ಕೆ ಹೋಯಿತು.

ಆ ಹಗಲಿಡೀ ನಾನು ತುಟಿ ಬಿಚ್ಚಲಿಲ್ಲ. ಪ್ರಸಾದ್ ಮಾತ್ರ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದರು. ಹೆದರಿದಷ್ಟೂ ಅವರ ವಿನಯ ಹೆಚ್ಚುತ್ತದೆ. ಸಂಜೆ ಗದಗಿನಿಂದ ಅವ್ವನ ಫೋನು ಬಂತು. ಮಂಡಿನೋವಿನಿಂದ ಅವಳು ಬರುವ ಹಾಗಿರಲಿಲ್ಲ. ನಡೆದದ್ದನ್ನೆಲ್ಲ ಕೇಳಿ ಒಂದೇ ಮಾತು ಕೇಳಿದಳು:

"ಆಕಿ ಜಗ್ಗೂ ಮುಂದ ನೀ ಏನರೆ ಅಂದೇನು?"

"ಇಲ್ಲವ್ವ. ಆಕೀಗೆ ಗೊತ್ತಿರತೈತಿ ಅಂತ ಸುಮ್ನಿದ್ದೆ."

"ಬಾಯಿದ್ದಾಕಿ ಬರಗಾಲದಾಗೂ ಬದುಕ್ಯಾಳ. ಇನ್ನ ಮುಂದ ಸುಮ್ನ ಇರಬ್ಯಾಡ."

ನಾನು ಸುಮ್ಮನಿರುವುದನ್ನು ಬಿಟ್ಟದ್ದು ಅಂದಿನಿಂದ. ರಜೆ ಹಾಕಿ ವಿಜಯವಾಡಕ್ಕೆ ಬಂದೆ, ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಎಡತೋಳಿಗೆ ಎರಡನೇ ಲೈನು ಹಾಕಿದರು. ಅಲ್ಲಿನ ಡಾಕ್ಟರಮ್ಮ ನೇರ ಮಾತಿನವರು. "ಬಲಗೈ ಮುಗೀತು. ಇದೂ ಹೋದರೆ ಕುತ್ತಿಗೆಯಿಂದ ಹಾಕಬೇಕು, ನಿಮಗೆ ರಕ್ತ ತೆಳುವಾಗುವ ಮಾತ್ರೆ ಬೇರೆ ನಡೀತಿದೆ, ಎಲ್ಲ ನಿಲ್ಲಿಸಿ ಕಾಯಬೇಕು. ಔಷಧಿ ಮತ್ತೆ ತಡವಾಗೋದು ನನಗೆ ಬೇಡ" ಅಂದರು. ಅಂದರೆ ಕೊನೆಯ ಸುತ್ತಿನವರೆಗೆ ಈ ಶ್ಯಾವಿಗೆಯಂಥ ಕೊಳವೆ ಎಡತೋಳಿನಲ್ಲಿ ಕೂತಿರಬೇಕು. ಕಾಯಿಲೆ ನನ್ನ ಕೈಯಲ್ಲಿರಲಿಲ್ಲ, ಔಷಧಿ ನನ್ನ ಕೈಯಲ್ಲಿರಲಿಲ್ಲ. ಇದೊಂದನ್ನು ಮಾತ್ರ ಕಾಯುವುದು ನನ್ನಿಂದ ಆಗುತ್ತಿತ್ತು.

ಅತ್ತಮ್ಮನಿಗೆ ಪ್ರಸಾದ್ ಏನೂ ಹೇಳಿರಲಿಲ್ಲ. ಅಮ್ಮನಿಗೆ ಬಿ.ಪಿ. ಇದೆ, ಗಡ್ಡೆ ಕರಗಲು ಗ್ಲೂಕೋಸ್ ಹಾಕುತ್ತಾರೆ ಎಂದಷ್ಟೇ ಹೇಳಿದ್ದೇನೆ, ನೀನೂ ಹಾಗೇ ಹೇಳು ಅಂದರು. ನನಗೂ ಆಗ ವಾದಕ್ಕೆ ತ್ರಾಣವಿರಲಿಲ್ಲ, ಹೂಂ ಅಂದೆ. ಅತ್ತಮ್ಮ ಮೂರು ಹೊತ್ತೂ ಮೆತ್ತಗಿನ ಅನ್ನ, ಹೆಸರುಬೇಳೆಯ ಪೆಸರುಪಪ್ಪು ಮಾಡಿಕೊಟ್ಟು, ನನ್ನ ಬೋಳಾಗುತ್ತಿದ್ದ ತಲೆಯ ಬಗ್ಗೆ ಏನೂ ಕೇಳದೆ, ತೋಳಿನಿಂದ ನೇತಾಡುವ ಬಾಲವನ್ನು ಮಾತ್ರ ಅನುಮಾನದಿಂದ ನೋಡುತ್ತಿದ್ದರು. "ಇದು ಬಿದ್ದುಹೋಗೋದಿಲ್ವಾ" ಎಂದು ಒಮ್ಮೆ ಕೇಳಿದರು. "ಅಂಟಿಸಿದ್ದಾರೆ" ಅಂದೆ. ಅವರಿಗೆ ಅಂಟಿನ ಮೇಲೆ ನಂಬಿಕೆ ಬರಲಿಲ್ಲ.

ಒಂದು ಮಧ್ಯಾಹ್ನ ಔಷಧಿಯ ಮಂಪರಿನಲ್ಲಿ ಸತ್ತ ಹಾಗೆ ಮಲಗಿದ್ದೆ. ಎದ್ದು ನೋಡಿದರೆ ತೋಳಿಗೆ ಕಪ್ಪು ದಾರ. ದೃಷ್ಟಿಗೆಂದು ಕಟ್ಟುತ್ತಾರಲ್ಲ, ಅದೇ. ತೋಳಿಗೆ ಸುತ್ತಿ ಬಿಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು. ಅತ್ತಮ್ಮ ಆ ದಾರವನ್ನು ಲೈನಿನ ಬಾಲದ ಸುತ್ತ ತಂದು, ಬಾಲವನ್ನು ತೋಳಿಗೆ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದ್ದರು. ಕೆಟ್ಟ ಕಣ್ಣೂ ಬೀಳಬಾರದು, ಪೈಪೂ ಬೀಳಬಾರದು. ಒಂದೇ ದಾರದಲ್ಲಿ ಎರಡು ಕೆಲಸ.

ನಾನು ಕೂಗಾಡಿದೆ. ಗದಗಿನ ಕನ್ನಡದಲ್ಲಿ ಏನೇನು ಬರುತ್ತದೋ ಅಷ್ಟನ್ನೂ ಆಡಿದೆ. ಅವರಿಗೆ ಒಂದಕ್ಷರ ತಿಳಿಯಲಿಲ್ಲ, ದನಿ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ಪ್ರಸಾದ್ ಬಂದು, ನನ್ನಿಂದಲೇ ಕಲಿತ ಕನ್ನಡದಲ್ಲಿ, "ಬಿಡು, ದಾರ ಅಲ್ಲೇನು, ನಾಳಿ ಬಿಚ್ಚಿದರಾತು" ಅಂದರು. ಅದು ದಾರವಲ್ಲ, ಜಗ್ಗಿದರೆ ಲೈನು, ಲೈನು ಹೋದರೆ ಔಷಧಿ, ಔಷಧಿ ಹೋದರೆ ನಾನು ಎಂದು ಹೇಳಹೋದೆ, ಅಳು ಬಂತು. ಹೆದರಿಕೆ ಅಂದರೆ ಏನು ಎಂದು ಆ ದಿನ ಗೊತ್ತಾಯಿತು. ಕ್ಯಾನ್ಸರ್ ಅಂದಾಗ ಇಷ್ಟು ಹೆದರಿರಲಿಲ್ಲ.

ಮರುದಿನ ಡ್ರೆಸ್ಸಿಂಗ್ ಇತ್ತು, ಅತ್ತಮ್ಮ ಜೊತೆಗೆ ಬಂದು ಹೊರಗೆ ಕೂತಿದ್ದರು. ಆ ಆಸ್ಪತ್ರೆಯಲ್ಲಿ ಲೈನುಗಳನ್ನು ನೋಡಿಕೊಳ್ಳುವ ನರ್ಸ್ ಈರಣ್ಣ, ಬಾಗಲಕೋಟೆಯವರು. ನನ್ನ ಫೈಲಿನಲ್ಲಿ ಊರು ನೋಡಿ ಮೊದಲ ದಿನವೇ "ನಮ್ಮ ಕಡೆಯವ್ರು ಬಂದ್ರಿ" ಎಂದು ಹಿಗ್ಗಿದ್ದರು. ಎರಡನೇ ವಾರಕ್ಕೆ ಆ ಹಿಗ್ಗು ಸ್ವಲ್ಪ ಇಳಿದಿತ್ತು. ಅವತ್ತು ಅವರು ಕಪ್ಪು ದಾರ ನೋಡಿ ಟ್ರೇಯಿಂದ ಕತ್ತರಿ ಎತ್ತಿಕೊಂಡರು.

"ಕತ್ತರಿ ಕೆಳಗ ಇಡ್ರಿ" ಅಂದೆ.

"ಅಕ್ಕಾರ, ದಾರ ಅಷ್ಟ ಕತ್ತರಸ್ತೀನ್ರಿ."

"ದಾರದ ಕೆಳಗ ಲೈನ್ ಐತಿ. ಕತ್ತರಿಗೆ ಕಣ್ಣಿಲ್ಲ."

"ದಿನಾ ಇದನ್ನ ಮಾಡ್ತೀನ್ರಿ ನಾ. ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನೀವು ದಿನಾ ಹತ್ತು ಮಂದೀದು ಮಾಡ್ತೀರಿ. ನನಗ ಇರೂದು ಇದೊಂದ."

ಈರಣ್ಣ ಕತ್ತರಿಯನ್ನು ಟ್ರೇಗೆ ಹಾಕಿದರು. ಗಂಟು ಬಿಚ್ಚಲು ಎರಡು ಕೈ ಬೇಕು, ಲೈನು ಹಿಡಿಯಲು ಇನ್ನೊಂದು ಕೈ ಬೇಕು, ಇನ್ನೊಬ್ಬ ನರ್ಸ್ ಬಿಡುವಿಲ್ಲ. "ಗಂಟ ಹಾಕಿದವರನ್ನ ಕರೀರಿ ಹಂಗಾರ" ಅಂದೆ. ರೋಗಿಯ ಕಡೆಯವರು ಒಳಗೆ ಬರುವಂತಿಲ್ಲ ಎಂದು ಅವರು ಅಂದರು. ನಮ್ಮ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಒಂದು ಕಟ್ಟುಪಾಡಿದೆ. ಬಂದವರು ಯಂತ್ರದ ಪಕ್ಕ ನಿಂತು 'ತಗೊಂಡೆ' ಅನ್ನುವವರೆಗೆ ಇದ್ದವರು ಜಾಗ ಬಿಡುವಂತಿಲ್ಲ, ಯಂತ್ರ ಯಾರ ಕೈಯಲ್ಲೂ ಇಲ್ಲದ ಹೊತ್ತು ಎಂಬುದೇ ಇರಬಾರದು. ಅದನ್ನು ಈರಣ್ಣನಿಗೆ ಹೇಳಿ, ನಿಮ್ಮ ನಿಯಮ ನಿಮಗೆ, ನಮ್ಮ ನಿಯಮ ನಮಗೆ, ಲೈನು ಹಿಡಿಯಲು ಇನ್ನೊಂದು ಕೈ ಬರದೆ ನಾನು ತೋಳು ಕೊಡುವುದಿಲ್ಲ ಅಂದೆ. ತೋಳನ್ನು ಸೀರೆಯ ಸೆರಗಿನೊಳಗೆ ಸೇರಿಸಿಕೊಂಡು ಕೂತೂ ಬಿಟ್ಟೆ.

ಅವರು ಹೋಗಿ ಡಾಕ್ಟರಮ್ಮನನ್ನು ಕೇಳಿದರು. ಅತ್ತಮ್ಮ ಒಳಗೆ ಬಂದರು. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈ ತೊಳೆಸಿ ಗ್ಲೌಸು. ಈರಣ್ಣ ಲೈನು ಹಿಡಿದರು, ಅತ್ತಮ್ಮ ಗಂಟು ಬಿಚ್ಚಲು ಕೂತರು. ತಾವೇ ಹಾಕಿದ ಗಂಟು ಅವರಿಗೇ ಬಿಚ್ಚಲು ಬಾರದು. ಗ್ಲೌಸಿನಲ್ಲಿ ಉಗುರು ಸಿಗದು. ಬೆವರುತ್ತ, ಬಾಯಲ್ಲಿ ಏನೋ ಮಣಮಣ ಅನ್ನುತ್ತ ಒಂದೊಂದನ್ನೇ ಸಡಿಲಿಸಿದರು. ದಾರ ಹೋಯಿತು. ಈರಣ್ಣ ಹಾಳೆಯನ್ನು ಕೆಳಗಿನ ಅಂಚಿನಿಂದ ಮೇಲಕ್ಕೆ, ತೂತಿನ ಕಡೆಗೆ, ಹೋಳಿಗೆಯಿಂದ ಎಲೆ ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸಿದರು. ಆಗ ಅತ್ತಮ್ಮನಿಗೆ ಕಂಡಿತು, ಲೈನು ಚರ್ಮದ ಮೇಲೆ ಅಂಟಿರಲಿಲ್ಲ, ಮಾಂಸದೊಳಗೆ ಇಳಿದಿತ್ತು.

"ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು. ಅವರು ಆಡಿದ್ದು ತೆಲುಗು, ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪ್ರಸಾದ್ ಹೇಳಬೇಡ ಅಂದಿದ್ದರು. ಸಾಕಾಗಿತ್ತು ನನಗೆ, ಎಲ್ಲರಿಗಾಗಿಯೂ ಸುಮ್ಮನಿದ್ದು. "ಎದೆಯವರೆಗೆ, ಅತ್ತಮ್ಮ. ನನಗೆ ಬಂದಿರೋದು ಕ್ಯಾನ್ಸರ್."

ಅವರು ತಲೆ ಎತ್ತಲಿಲ್ಲ. "ಅದು ನನಗೆ ಗೊತ್ತು. ಬಚ್ಚಲಲ್ಲಿ ನಿನ್ನ ಕೂದಲು ಬಾಚಿ ಎತ್ತಿದ ದಿನವೇ ಗೊತ್ತು. ಹುಡುಗ ಹೇಳಬಾರದು ಅಂದ್ಕೊಂಡಿದಾನೆ, ಅವನ ಸಮಾಧಾನಕ್ಕೆ ಕೇಳಲಿಲ್ಲ. ಈ ಪೈಪು ಎದೆಯವರೆಗೆ ಹೋಗಿದೆ ಅನ್ನೋದು ಗೊತ್ತಿರಲಿಲ್ಲ." ಬಿಚ್ಚಿ ಹಾಕಿದ ದಾರವನ್ನು ನೋಡಿ, "ಗೊತ್ತಿದ್ದರೆ ಕಟ್ಟುತ್ತಿರಲಿಲ್ಲ ತಾಯಿ" ಅಂದರು.

ನನಗೆ ನಗುವೂ ಬಂತು, ಅಳುವೂ ಬಂತು. ಒಂದೇ ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ನಾಟಕ ಆಡಿಕೊಂಡು ಪೆಸರುಪಪ್ಪು ಉಂಡಿದ್ದೆವು. "ಕಟ್ಟಬೇಡಿ ಅತ್ತಮ್ಮ, ಹಿಡೀರಿ" ಅಂದೆ. ಈರಣ್ಣ ಅವರ ಕೈಯನ್ನು ತೆಗೆದುಕೊಂಡು, ತೂತಿನ ಹತ್ತಿರ ಬೆರಳು ಬರಬಾರದು, ಬಾಲದ ಈ ಬುಡವನ್ನಷ್ಟೇ ಹೀಗೆ ಒತ್ತಿ ಹಿಡಿಯಬೇಕು ಎಂದು ತೋರಿಸಿದರು. ಅವರು ಹಿಡಿದರು. ಹಳೇ ಕ್ಲಿಪ್ಪು ಹೋಗಿ ಹೊಸದು ಕೂರುವವರೆಗೂ ಉಸಿರು ಬಿಟ್ಟರೋ ಇಲ್ಲವೋ ನಾನು ಕಾಣೆ.

ಆಮೇಲೆ ವಾರವಾರವೂ ಅವರೇ. ಮನೆಯಿಂದ ಆಟೋದಲ್ಲಿ ಬೆಂಜ್ ಸರ್ಕಲ್ ಗದ್ದಲ ದಾಟಿ, ಟೋಕನ್ ಹಿಡಿದು, ಕಾಯುವ ಕೋಣೆಯಲ್ಲಿ ಕೂರುವುದು. ಎ.ಸಿ.ಯ ಗಾಳಿ ನೇರ ನನ್ನ ಬೋಳು ತಲೆಗೆ ಬೀಳದ ಕುರ್ಚಿಯನ್ನು ಅವರು ಓಡಿಹೋಗಿ ಹಿಡಿಯುತ್ತಿದ್ದರು. ಅಲ್ಲಿ ಗುಂಟೂರಿನ ಕಡೆಯ ಒಬ್ಬ ಹೆಂಗಸು ಬರುತ್ತಿದ್ದಳು, ಅವಳ ತೋಳಿನಲ್ಲೂ ಲೈನು. ಇಬ್ಬರೂ ತೋಳು ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿಕೊಂಡೆವು, ಹೊಸ ಬಳೆ ತೊಟ್ಟ ಹುಡುಗಿಯರು ನೋಡಿಕೊಂಡ ಹಾಗೆ. ಅವಳು ಎಂದೂ ಯಾರಿಗೂ ಎದುರು ಆಡಿದವಳಲ್ಲವಂತೆ. ಹೇಳಿದರೆ ಸಿಟ್ಟು ಮಾಡಿಕೊಂಡು ಸರಿಯಾಗಿ ನೋಡದೇ ಹೋದರೆ ಎಂಬ ಭಯ. ಆ ಭಯ ನನಗೂ ಇತ್ತು, ಇಲ್ಲ ಎಂದರೆ ಸುಳ್ಳು. ಆದರೆ ಒಂದು ಮಾತು ಕೇಳಿ: ನೀವು ಸುಮ್ಮನಿದ್ದದ್ದಕ್ಕೆ ಯಾರೂ ನಿಮ್ಮ ಲೈನನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುವುದಿಲ್ಲ. ಮುನಿಸಿಕೊಂಡವರು ನಾಳೆ ಮುನಿಸು ಬಿಡುತ್ತಾರೆ, ಈಚೆ ಬಂದ ಲೈನು ಒಳಗೆ ಹೋಗುವುದಿಲ್ಲ. ಅವಳಿಗೂ ಇದನ್ನೇ ಹೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆದರೂ ಅತ್ತಮ್ಮ ಒಳಗೆ ಹೋಗುವಾಗ ಹಳೇ ಚಾಳಿ ಬಿಡದೆ ಬಾಗಿಲಿನವನಿಗೆ, "ತಪ್ಪು ತಿಳ್ಕೋಬೇಡಿ, ನಮ್ಮ ಸೊಸೆ ಕನ್ನಡದವಳು" ಎಂದು ಮುಂಗಡವಾಗಿಯೇ ಹೇಳಿಡುತ್ತಿದ್ದರು.

ಕೊನೆಯ ಸುತ್ತಿಗೆ ಮುಂಚಿನ ವಾರ ನನ್ನ ಬಾಯಿ ಹೋಯಿತು. ಔಷಧಿಯಿಂದ ನಾಲಿಗೆ, ಕೆನ್ನೆಯ ಒಳಗೆಲ್ಲ ಹುಣ್ಣು. ನೀರು ನುಂಗಿದರೆ ಕಣ್ಣಲ್ಲಿ ನೀರು, ಮಾತಂತೂ ದೂರ. ಸನ್ನೆಯಲ್ಲೇ ಎಲ್ಲ ನಡೆಯುತ್ತಿತ್ತು. ಗಯ್ಯಾಳಿಯ ಬಾಯಿಗೆ ಬೀಗ ಬಿತ್ತು ಎಂದು ಪ್ರಸಾದ್ ತಮಾಷೆ ಮಾಡಿದರು, ಮಾಡಿ ತಾವೇ ಬೇಜಾರು ಮಾಡಿಕೊಂಡರು. ಅಂಥ ದಿನವೇ ಆಸ್ಪತ್ರೆಗೆ ಹೋದರೆ ಈರಣ್ಣ ಇಲ್ಲ, ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದರು. ಅವರ ಜಾಗದಲ್ಲಿ ಒಬ್ಬ ಹೊಸ ಸಿಸ್ಟರ್, ತುಂಬಾ ಚುರುಕು. ಅತ್ತಮ್ಮ ಮೂಲೆಯಲ್ಲಿ ಕೈ ತೊಳೆಯುತ್ತಿದ್ದರು. ಆ ಸಿಸ್ಟರ್ ಬಂದವಳೇ ಹಾಳೆಯ ಮೇಲಿನ ಅಂಚು ಹಿಡಿದು ಕೆಳಕ್ಕೆ ಎಳೆಯಲು ಶುರುಮಾಡಿದಳು. ಲೈನಿನ ಮೇಲೆ ಬೆರಳಿಲ್ಲ. ನಾನು ಬಾಯಿ ತೆರೆದೆ. ಗಂಟಲಿನಿಂದ ಒಂದು ಕೆಟ್ಟ ಸದ್ದು ಬಂತು, ಮಾತು ಬರಲಿಲ್ಲ. ನೋವಾಗುತ್ತಿದೆ ಅಂದುಕೊಂಡು ಅವಳು, "ಆಯ್ತು ಅಮ್ಮಾ, ಬೇಗ ಮುಗಿಸ್ತೀನಿ" ಎಂದು ಇನ್ನೂ ಬೇಗ ಎಳೆದಳು. ಕ್ಲಿಪ್ಪು ಎದ್ದಿತು. ವಿಶಾಖಪಟ್ಟಣದ ಆ ತಣ್ಣನೆ ಜಾರಿಕೆ ನನ್ನ ತೋಳಿನೊಳಗೆ ಮತ್ತೆ ಶುರುವಾಯಿತು.

"ಮೊದಲ ಹಿಡೀರಿ, ಆಮ್ಯಾಲ ಬಿಚ್ಚರಿ."

ಹೇಳಿದ್ದು ನಾನಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಭಾಷೆಯ ಒಂದು ವಾಕ್ಯವನ್ನೂ ಆಡದ ರಾಜ್ಯಲಕ್ಷ್ಮಮ್ಮ, ಒದ್ದೆ ಕೈ ಮೇಲೆತ್ತಿಕೊಂಡು ನಿಂತು, ಗದಗಿನ ಕನ್ನಡದಲ್ಲಿ, ನನ್ನದೇ ದನಿಯಲ್ಲಿ ಅದನ್ನು ಹೇಳಿದರು. ಬಹುವಚನ ಇತ್ತು, ವಿನಯ ಇರಲಿಲ್ಲ. ಸಿಸ್ಟರ್‌ಗೆ ಮಾತು ತಿಳಿಯಲಿಲ್ಲ, ಆದರೆ ಕೈ ನಿಂತಿತು. ಅತ್ತಮ್ಮ ಗ್ಲೌಸು ಏರಿಸಿಕೊಂಡು ಬಂದು ಲೈನಿನ ಬುಡದ ಮೇಲೆ ಬೆರಳು ಒತ್ತಿದರು. ಆಮೇಲೆ ತೆಲುಗಿನಲ್ಲಿ, ಎಂದಿನ ಮೆತ್ತಗಿನ ದನಿಯಲ್ಲಿ, "ಈಗ ಬಿಚ್ಚಿ ಅಮ್ಮಾ, ಕೆಳಗಿನಿಂದ ಮೇಲಕ್ಕೆ" ಅಂದರು. ಸೊಸೆ ಕನ್ನಡದವಳು, ತಪ್ಪು ತಿಳ್ಕೋಬೇಡಿ ಎಂದು ಅವತ್ತು ಹೇಳಲಿಲ್ಲ.

ಲೈನು ಒಂಚೂರು ಈಚೆ ಬಂದಿತ್ತು. ಎಷ್ಟು ಎಂಬುದು ಹೊರಗಿನಿಂದ ಗೊತ್ತಾಗದು, ಎಕ್ಸ್-ರೇ ಆಗಬೇಕು, ತುದಿ ಜಾಗದಲ್ಲೇ ಇದೆಯೋ ಇಲ್ಲವೋ ಡಾಕ್ಟರಮ್ಮ ನೋಡಬೇಕು. ಎಕ್ಸ್-ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಇಷ್ಟೆಲ್ಲ ಕಾದು, ಕೊನೆಯ ಹೆಜ್ಜೆಯಲ್ಲಿ ಹೋಯಿತಲ್ಲ ಅಂದುಕೊಂಡೆ. ಫೋನಿನಲ್ಲಿ ಟೈಪು ಮಾಡಿ ತೋರಿಸಿದೆ, ತೆಲುಗಿನಲ್ಲಿ: ಕನ್ನಡದಲ್ಲಿ ಯಾಕೆ ಹೇಳಿದಿರಿ? ಅವರು ಕನ್ನಡಕ ಸರಿಮಾಡಿಕೊಂಡು ಓದಿ, "ನೀನು ಅದನ್ನು ಹೇಳಿದಾಗೆಲ್ಲ ಇಲ್ಲಿಯವರು ನಿಲ್ಲಿಸ್ತಾರೆ. ನಾನು ತೆಲುಗಿನಲ್ಲಿ ಹೇಳಿದರೆ ಯಾರು ಕೇಳ್ತಾರೆ" ಅಂದರು. ಅವರ ಗಂಡ ಇದ್ದಾಗಲೂ ಅವರ ಮಾತನ್ನು ಯಾರೂ ಹೆಚ್ಚು ಕೇಳಿದ್ದಿಲ್ಲ ಎಂದು ನನಗೆ ಗೊತ್ತು.

ತುದಿ ಜಾಗದಲ್ಲೇ ಇತ್ತು. "ಇನ್ನೊಂದಿಷ್ಟು ಬಂದಿದ್ದರೆ ಕಷ್ಟ ಇತ್ತು, ಈಗ ನಡೆಯುತ್ತೆ" ಎಂದರು ಡಾಕ್ಟರಮ್ಮ. ಕೊನೆಯ ಸುತ್ತಿನ ಕೆಂಪು ಔಷಧಿ ಅದೇ ಲೈನಿನಿಂದ, ಹೇಳಿದ ದಿನವೇ ಒಳಗೆ ಹೋಯಿತು. ಹೋಗುವಷ್ಟು ಹೊತ್ತೂ ನಾನು ಆ ಬಾಟಲಿಯನ್ನು ನೋಡುತ್ತ, ಬಾ ಮಗನೇ, ನಿನಗಾಗಿ ಎಷ್ಟು ಜನರ ಬಾಯಲ್ಲಿ ಗಯ್ಯಾಳಿ ಅನ್ನಿಸಿಕೊಂಡಿದ್ದೇನೆ ಎಂದು ಮನಸ್ಸಿನಲ್ಲೇ ಬೈದೆ.

ಈಗ ಗಂಟಿಲ್ಲ. ಸ್ಕ್ಯಾನು ಬಂದಾಗಲೆಲ್ಲ ಹೆದರಿಕೆ ಇದ್ದೇ ಇದೆ, ಅದರ ಜೊತೆ ಬದುಕುವುದನ್ನು ಕಲಿತಿದ್ದೇನೆ ಅನ್ನಲಾರೆ, ಅದರ ಜೊತೆ ದಿನಾ ಜಗಳ ಆಡುತ್ತೇನೆ. ಕೂದಲು ಗುಂಗುರಾಗಿ ಬಂದಿದೆ. ಶನಿವಾರದ ರೈಲಿನ ಜಗಳವೂ ವಾಪಸ್ಸು ಬಂದಿದೆ. ಹೇಳಬೇಕಾದ್ದು ಇನ್ನೊಂದೇ ಉಳಿದಿದೆ, ಲೈನು ತೆಗೆದ ದಿನದ್ದು.

ಈರಣ್ಣ ಊರಿನಿಂದ ಮದುವೆಯ ಸಿಹಿ ಉಂಡಿ ತಂದಿದ್ದರು. ನನ್ನನ್ನು ಮಲಗಿಸಿದರು. ಅತ್ತಮ್ಮ ಯಾರೂ ಹೇಳದೆಯೇ ಟೋಪಿ, ಮಾಸ್ಕು, ಗ್ಲೌಸು ಏರಿಸಿ ಬಂದು ತಮ್ಮ ಜಾಗದಲ್ಲಿ ನಿಂತರು, ಲೈನಿನ ಬುಡಕ್ಕೆ ಬೆರಳು ಒತ್ತಿದರು. ಹಾಳೆ ಹೋಯಿತು, ಕ್ಲಿಪ್ಪು ಹೋಯಿತು. ಈರಣ್ಣ ಲೈನಿಗೆ ಕೈ ಹಾಕಿದರು. ಅತ್ತಮ್ಮನ ಬೆರಳು ಸಡಿಲವಾಗಲಿಲ್ಲ.

"ಅಮ್ಮಾ, ಇವತ್ತು ಬಿಡಬೇಕು. ತೆಗೆಯೋದಕ್ಕೇ ಬಂದಿರೋದು" ಎಂದು ಈರಣ್ಣ ತೆಲುಗಿನಲ್ಲಿ ಹೇಳಿದರು.

"ಡಾಕ್ಟರಮ್ಮ ಹೇಳಿದ್ರಾ?"

"ಹೇಳಿದಾರೆ ಅಮ್ಮಾ."

"ಮತ್ತೆ ಔಷಧಿ ಬೇಕಾದರೆ?"

ಈರಣ್ಣ ನನ್ನನ್ನು ನೋಡಿದರು. "ಬಿಡ್ರಿ ಅತ್ತಮ್ಮ" ಅಂದೆ. ಆಗ ಬಿಟ್ಟರು. ಲೈನು ಸದ್ದಿಲ್ಲದೆ ಉದ್ದಕ್ಕೂ ಹೊರಬಂತು, ಒಳಗೆ ಇಷ್ಟು ಉದ್ದವಿತ್ತೇ ಎಂದು ಮೂವರೂ ನೋಡಿದೆವು. ಈರಣ್ಣ ತೂತಿನ ಮೇಲೆ ಹತ್ತಿಯ ಪಟ್ಟಿ ಇಟ್ಟು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು ಎಂದು ಅತ್ತಮ್ಮನಿಗೆ ಒಪ್ಪಿಸಿದರು.

ಸ್ವಲ್ಪ ಹೊತ್ತಿಗೆ ಬಂದು ನೋಡಿ, ಮೇಲೊಂದು ಅಂಟುಪಟ್ಟಿ ಹಾಕಿ, ಸಾಕು ಅಮ್ಮಾ, ನಿಂತಿದೆ ಅಂದರು. ಅತ್ತಮ್ಮ ತಲೆಯಾಡಿಸಿ ಮತ್ತೆ ಹಿಡಿದುಕೊಂಡರು. ಲಿಫ್ಟಿನಲ್ಲಿ ಹಿಡಿದಿದ್ದರು. ಆಟೋದಲ್ಲಿ, ಬೆಂಜ್ ಸರ್ಕಲ್ ಸಿಗ್ನಲ್ಲಿನಲ್ಲಿ ಹಿಡಿದಿದ್ದರು, ಮನೆಯ ಗೇಟನ್ನೂ ಒಂದೇ ಕೈಯಲ್ಲಿ ತೆರೆದರು. ಬಿಡಿ ಎಂದು ಹೇಳಬೇಕಾದವಳು ನಾನು. ಹೇಳಲಿಲ್ಲ.